ಜೋಳದ ಕಾಳಿನಷ್ಟು ಹಕ್ಕಿ

ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಇದೆ. ಟಿಟ್ಟಿಭ ಹಕ್ಕಿಯೊಂದು ನೆಲದ ಮೇಲಿನ ತನ್ನ ನಾಲ್ಕು ಮೊಟ್ಟೆಗಳ ಮೇಲೆ ಇನ್ನೇನು ಕೂರಬೇಕು, ಉದ್ದ ಕಾಲುಗಳನ್ನು ಮಡಿಚುತ್ತಿದೆ. ಕಣ್ಣಿನ ಹೊಳಪು, ಮೊಟ್ಟೆಯ ಮೇಲಿನ ಕಪ್ಪು ಚುಕ್ಕೆ, ಪಕ್ಕದ ಬೆಣಚುಕಲ್ಲು ಎಲ್ಲವೂ ಸ್ಪಷ್ಟ. 1987ರಲ್ಲಿ ನಾನೇ ತೆಗೆದದ್ದು. ಒಂದು ಸ್ಪರ್ಧೆಯಲ್ಲಿ ಅದಕ್ಕೆ ಎರಡನೇ ಬಹುಮಾನ ಬಂದಾಗ ನನ್ನ ಹೆಂಡತಿ ಕಟ್ಟು ಹಾಕಿಸಿ ಗೋಡೆಗೆ ಏರಿಸಿದಳು. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ಹೊಗಳುತ್ತಾರೆ. ಅವರು ಹೊಗಳಲು ಶುರು ಮಾಡಿದ ಕೂಡಲೇ ನಾನು ಚಹಾ ಹೇಳುವ ನೆಪ ಮಾಡಿ ಒಳಗೆ ಹೋಗುತ್ತೇನೆ.

ಈ ಸಲ ಶಿವರಾತ್ರಿಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಐದನೇ ಇಯತ್ತೆ. ಮನೆಯಲ್ಲಿ ಅವಳನ್ನು ಪುಟ್ಟಿ ಅಂತಲೇ ಕರೆಯುವುದು. ನನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಅವಳಿಗೆ ಕೊಟ್ಟಿದ್ದೆ. ಅದನ್ನು ಕೊರಳಿಗೆ ಹಾಕಿಕೊಂಡು ಫೋಟೋದ ಕೆಳಗೆ ನಿಂತು ತಲೆ ಎತ್ತಿ ನೋಡಿದಳು. ಹೊಗಳಲಿಲ್ಲ.

“ಅಜ್ಜ, ಇವು ಮರಿ ಆದ್ವಾ?”

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ. “ಬ್ಯಾಡಗಿಗೆ ಹೋಗೋಣು, ಅಲ್ಲೇ ಹೇಳ್ತೀನಿ” ಅಂದೆ. ಫೋಟೋ ತೆಗೆದದ್ದು ಅಲ್ಲಿ. ಹೀಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರು ಊರು ಮೂರು ದಿನಗಳಲ್ಲಿ ಸುತ್ತುವ ನಮ್ಮ ಪ್ರವಾಸ ಗಟ್ಟಿಯಾಯಿತು. ಮೂರೂ ಊರುಗಳಲ್ಲಿ ನಾನು ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು. ಮೂರೂ ಊರುಗಳ ಹೊರಗಿನ ಹೊಲದ ಬದುಗಳಲ್ಲಿ ಭಾನುವಾರಗಳನ್ನು ಕಳೆದವನು.

ಮೊದಲ ದಿನ ನಮ್ಮೂರಿನ ಹೆಗ್ಗೇರಿ. ಹೆಸರಿನಲ್ಲೇ ಇದೆ, ಹಿರಿದಾದ ಕೆರೆ. ಬೆಳಗಿನ ಆರೂವರೆಗೆ ದಂಡೆ ಸೇರಿದೆವು. ಫೆಬ್ರುವರಿ ಕೊನೆಯಾದರೂ ಬೆಳಗಿನ ಗಾಳಿಗೆ ಇನ್ನೂ ಚಳಿ ಇತ್ತು. ಪುಟ್ಟಿ ಇಳಿದವಳೇ ಓಡಿದಳು. ನಾಮದ ಕೋಳಿಗಳು ನೀರಿನ ಮೇಲೆ ಪಟಪಟನೆ ಕಾಲು ಬಡಿಯುತ್ತ ದೂರ ಹೋದವು, ಗುಳುಮುಳುಕ ಹೆಸರಿಗೆ ತಕ್ಕಂತೆ ಗುಳುಕ್ ಎಂದು ಮುಳುಗಿತು. ಅವಳಿಗೆ ಸಿಕ್ಕದ್ದು ಬರೀ ನೀರು.

ಹಕ್ಕಿ ಫೋಟೋದ ಮೊದಲ ಪಾಠ ಕ್ಯಾಮೆರಾದ್ದಲ್ಲ, ಕೂರುವುದರದ್ದು. ಸೂರ್ಯ ಬೆನ್ನಿಗೆ ಬರುವಂತೆ ಒಂದು ಜಾಗ ಹಿಡಿದು, ಹಕ್ಕಿಯ ಕಣ್ಣಿನ ಮಟ್ಟಕ್ಕೆ ನಮ್ಮ ಕಣ್ಣು ಇಳಿಯುವಂತೆ ಕೂತು, ಸುಮ್ಮನಿರಬೇಕು. ಇಪ್ಪತ್ತು ನಿಮಿಷ ಕಳೆದರೆ ಹಕ್ಕಿಗಳು ನಿಮ್ಮನ್ನು ಕಲ್ಲೋ ಗಿಡವೋ ಎಂದು ಲೆಕ್ಕ ಹಾಕಿ ತಮ್ಮ ಕೆಲಸಕ್ಕೆ ಮರಳುತ್ತವೆ. ಹತ್ತು ವರ್ಷದ ಮಗುವನ್ನು ಇಪ್ಪತ್ತು ನಿಮಿಷ ಕೂರಿಸುವುದು ಹೇಗೆ? ನಾನು ಜೇಬಿನಿಂದ ಶೇಂಗಾ ಚಿಕ್ಕಿ ತೆಗೆದೆ. ಅಜ್ಜಂದಿರಿಗೆ ಮಾತ್ರ ಗೊತ್ತಿರುವ ತಂತ್ರ ಇದು.

ಚಿಕ್ಕಿ ಮುಗಿಯುವಷ್ಟರಲ್ಲಿ ಕಪ್ಪು-ಬಿಳಿ ಮಿಂಚುಳ್ಳಿ ಬಂತು. ಉಳಿದ ಮಿಂಚುಳ್ಳಿಗಳು ಕೊಂಬೆಯ ಮೇಲೆ ಕೂತು ಕಾದರೆ ಇದು ಗಾಳಿಯಲ್ಲೇ ನಿಂತು ಕಾಯುತ್ತದೆ. ರೆಕ್ಕೆಗಳು ಕಣ್ಣಿಗೆ ಕಾಣದಷ್ಟು ಬೇಗ ಬಡಿಯುತ್ತಿದ್ದರೂ ತಲೆ ಮಾತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ಅಲುಗಾಡದೆ ನೀರನ್ನೇ ನೋಡುತ್ತಿರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ. ಶಟರನ್ನು ಸೆಕೆಂಡಿನ 1600ನೇ ಒಂದು ಭಾಗಕ್ಕೆ ಇಟ್ಟುಕೊಟ್ಟೆ. ಪುಟ್ಟಿ ಉಸಿರು ಬಿಗಿಹಿಡಿದು ಒತ್ತಿದಳು. ಮಿಂಚುಳ್ಳಿ ಕಲ್ಲು ಬಿದ್ದ ಹಾಗೆ ನೀರಿಗೆ ಬಿತ್ತು, ಬೆಳ್ಳಿಯ ಚೂರಿನಂಥ ಮೀನಿನೊಂದಿಗೆ ಎದ್ದಿತು.

ಆ ಬೆಳಿಗ್ಗೆ ಅವಳು ಒತ್ತಿದ್ದು 214 ಫೋಟೋ. ಹಕ್ಕಿ ಇದ್ದದ್ದು ಒಂಬತ್ತರಲ್ಲಿ. ನನಗೆ ನಗು ಬಂತು. ನಮ್ಮ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಓರ್ವೊ ಕಂಪನಿಯ ಕಪ್ಪು-ಬಿಳುಪು ರೀಲು ಹಾಕಿದರೆ ಅದು ಒಂದು ತಿಂಗಳು ಬರಬೇಕು. ಅದನ್ನು ತೊಳೆಸಿ ಮುದ್ರಿಸಲು ಹುಬ್ಬಳ್ಳಿಗೆ ಕಳಿಸಬೇಕು. ಒತ್ತುವ ಮೊದಲು, ಸಾಲದ ಅರ್ಜಿಗೆ ಸಹಿ ಹಾಕುವವರಂತೆ, ಮೂರು ಸಲ ಯೋಚಿಸುತ್ತಿದ್ದೆವು.

ಹಿಂದಿರುಗುವ ಮೊದಲು ಒಂದು ಪ್ರಸಂಗ ನಡೆಯಿತು. ನಮ್ಮಿಂದ ಸ್ವಲ್ಪ ದೂರದಲ್ಲಿ ಇಬ್ಬರು ಹುಡುಗರು ಇದ್ದರು. ಒಬ್ಬನ ಕೈಯಲ್ಲಿ ಒನಕೆಯಂಥ ಲೆನ್ಸು. ಇನ್ನೊಬ್ಬ ನೀರಿಗೆ ಕಲ್ಲು ಎಸೆದ. ಆಚೆ ತೇಲುತ್ತಿದ್ದ ಬಾತುಗಳ ಗುಂಪು ಒಮ್ಮೆಲೆ ಮೇಲೆದ್ದಿತು. ಲೆನ್ಸಿನವನು ಟಕಟಕ ತೆಗೆದ. ಹಾರುವ ಹಕ್ಕಿಯ ಚಿತ್ರಕ್ಕೆ ಬೆಲೆ ಹೆಚ್ಚಲ್ಲವೇ!

“ಏ ತಮ್ಮಾ, ಯಾಕ ಕಲ್ಲು ಒಗೀತಿ?” ಅಂದೆ.

“ಹಕ್ಕಿಗೆ ತಾಗಂಗಿಲ್ರಿ ಅಜ್ಜಾರ, ಬರೇ ಎಬ್ಬಸಾಕ” ಅಂದ. ಕೆಟ್ಟ ಹುಡುಗನಲ್ಲ, ಗೊತ್ತಿಲ್ಲ ಅಷ್ಟೇ. ಸೂಜಿಬಾಲದ ಬಾತುವಿನಂಥ ಹಕ್ಕಿಗಳು ಚಳಿಗಾಲಕ್ಕೆ ಉತ್ತರದ ದೇಶಗಳಿಂದ ನಮ್ಮ ಕೆರೆಗಳಿಗೆ ಬರುತ್ತವೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳಂತೂ ಹಿಮಾಲಯವನ್ನೇ ದಾಟಿ ಬರುವಂಥವು. ಆ ಕೆರೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಅಂತಾರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿದೆ. ಫೆಬ್ರುವರಿ, ಮಾರ್ಚ್ ಎಂದರೆ ಅವು ವಾಪಸು ಹೊರಡುವ ಕಾಲ. ದಾರಿಯ ಬುತ್ತಿಯನ್ನು ಮೈಯಲ್ಲೇ ಕೊಬ್ಬಾಗಿ ಕಟ್ಟಿಕೊಳ್ಳುತ್ತಿರುತ್ತವೆ. ನಾವು ಸುಮ್ಮನೆ ಎಬ್ಬಿಸಿದಷ್ಟು ಸಲ ಆ ಬುತ್ತಿ ಖರ್ಚಾಗುತ್ತದೆ. ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು “ಹೌದ್ರಿ?” ಎಂದು ಕಲ್ಲು ಕೆಳಗೆ ಹಾಕಿದ.

ಬರುವಾಗ ಪುಟ್ಟಿ “ಅಜ್ಜ, ನೀನು ಚೆನ್ನಾಗಿ ಬೈದೆ” ಅಂದಳು. ನನಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಬೈಯುವ ಹಕ್ಕು ನನಗಿತ್ತೇ?

ಆ ರಾತ್ರಿ ಅವಳಿಗೆ ಪಂಚತಂತ್ರದ ಟಿಟ್ಟಿಭದ ಕಥೆ ಹೇಳಿದೆ. ನಿಮಗೂ ಗೊತ್ತಿರಬಹುದು. ಸಮುದ್ರದ ದಂಡೆಯಲ್ಲಿ ಟಿಟ್ಟಿಭ ದಂಪತಿ ಮೊಟ್ಟೆ ಇಡುತ್ತವೆ. ಸಮುದ್ರ ಸೊಕ್ಕಿನಿಂದ ಮೊಟ್ಟೆಗಳನ್ನು ಎಳೆದುಕೊಂಡು ಹೋಗುತ್ತದೆ. ಹಕ್ಕಿಗಳೆಲ್ಲ ಸೇರಿ ಗರುಡನ ಬಳಿ ದೂರುತ್ತವೆ, ಗರುಡ ವಿಷ್ಣುವಿಗೆ ಹೇಳುತ್ತಾನೆ, ಸಮುದ್ರ ಹೆದರಿ ಮೊಟ್ಟೆಗಳನ್ನು ಹಿಂದಿರುಗಿಸುತ್ತದೆ. ಆಕಾಶ ಬಿದ್ದೀತೆಂದು ಟಿಟ್ಟಿಭ ಕಾಲು ಮೇಲೆ ಮಾಡಿ ಮಲಗುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದ ಮಾತನ್ನೂ ಸೇರಿಸಿದೆ. ಪುಟ್ಟಿ ಕಾಲು ಮೇಲೆ ಮಾಡಿಕೊಂಡೇ ನಿದ್ದೆ ಹೋದಳು.

ಮರುದಿನ ಪ್ಯಾಸೆಂಜರ್ ರೈಲಿನಲ್ಲಿ ಬ್ಯಾಡಗಿಗೆ ಹೊರಟೆವು. ಹಕ್ಕಿ ನೋಡುವವರಿಗೆ ಪ್ಯಾಸೆಂಜರ್ ರೈಲಿನಷ್ಟು ಒಳ್ಳೆಯ ವಾಹನ ಇಲ್ಲ. ನಿಧಾನ, ಮತ್ತು ಹಳಿಯ ಪಕ್ಕದ ತಂತಿಯ ಮೇಲೆ ಪುಕ್ಕಟೆ ಪ್ರದರ್ಶನ. ಕಾಜಾಣ, ಹಸಿರು ಕಳ್ಳಿಪೀರ, ಮತ್ತೆ ಕಾಜಾಣ. ಒಂದು ಕಂಬದ ಮೇಲೆ ನೀಲಕಂಠ ಮುದುಡಿ ಕೂತಿತ್ತು. ಕೂತಾಗ ಮಣ್ಣಿನ ಬಣ್ಣದ ಸಾಧಾರಣ ಹಕ್ಕಿ. ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಬಿಚ್ಚಿಕೊಂಡಿತು. “ನಮ್ಮ ಸ್ಟೇಟ್ ಬರ್ಡ್!” ಎಂದು ಪುಟ್ಟಿ ಕೂಗಿದ್ದಕ್ಕೆ ಎದುರು ಕೂತಿದ್ದ ಅಜ್ಜಿಯೊಬ್ಬರು ಎಚ್ಚರವಾಗಿ ಬ್ಯಾಡಗಿ ಬಂತೇನೋ ಎಂದು ಗಂಟು ಎತ್ತಿಕೊಂಡರು.

ಬ್ಯಾಡಗಿ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಇದು ಮೆಣಸಿನಕಾಯಿಯ ಸುಗ್ಗಿ. ಮಾರುಕಟ್ಟೆಯ ಹತ್ತಿರ ಹೋದರೆ ಸಾಲು ಸಾಲು ಚೀಲ, ಗುಡ್ಡೆ ಗುಡ್ಡೆ ಕೆಂಪು, ಹಮಾಲರ ಬಾಯಿಗೆ ಕಟ್ಟಿದ ವಸ್ತ್ರ, ಸುತ್ತಲೂ ಸೀನು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಅದರ ಬಣ್ಣ ತೆಗೆಯಲಿಕ್ಕೇ ಕಾರ್ಖಾನೆಗಳಿವೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ನಾವು ಹೋದದ್ದು ಮೆಣಸಿನಕಾಯಿಗಲ್ಲ, ಅದನ್ನು ಕದಿಯುವವರಿಗೆ. ಊರ ಹೊರಗೆ ಒಣಹಾಕಿದ ಕಣವೊಂದರ ಅಂಚಿನಲ್ಲಿ ಕೂತೆವು. ಹತ್ತು ನಿಮಿಷಕ್ಕೆ ನಾಲ್ಕು ಗಿಳಿಗಳು ಕಿರಿಚುತ್ತ ಇಳಿದವು. ಒಂದು ಗಿಳಿ ಒಂದೇ ಕಾಲಲ್ಲಿ ಕಾಯಿ ಹಿಡಿದು, ನಾವು ಕುಲ್ಫಿ ತಿನ್ನುವಂತೆ, ತಿನ್ನತೊಡಗಿತು.

“ಅದಕ್ಕೆ ಖಾರ ಆಗಲ್ವಾ?”

ಆಗುವುದಿಲ್ಲ ಮಕ್ಕಳೇ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ನಮ್ಮ ಬಾಯಲ್ಲಿ ಬಿಸಿ ತಗುಲಿದರೆ ಸುದ್ದಿ ಕೊಡುವ ನರಗಳಿವೆಯಲ್ಲ, ಅವಕ್ಕೆ ಈ ವಸ್ತು ಅಂಟಿಕೊಂಡು ‘ಸುಟ್ಟಿತು’ ಎಂದು ಸುಳ್ಳು ಸುದ್ದಿ ಕಳಿಸುತ್ತದೆ. ಇಲಿಗೂ ಹಾಗೆಯೇ. ಹಕ್ಕಿಗಳಲ್ಲಿ ಮಾತ್ರ ಅದು ಅಂಟುವುದಿಲ್ಲ. ಇಲಿ ಹಲ್ಲಿನಿಂದ ಬೀಜವನ್ನು ಅರೆದು ಹಾಳು ಮಾಡುತ್ತದೆ. ಹಣ್ಣನ್ನು ಇಡಿಯಾಗಿ ನುಂಗುವ ಹಕ್ಕಿಗಳ ಹೊಟ್ಟೆಯಿಂದ ಬೀಜ ಹಾಳಾಗದೆ ಹೊರಬಂದು ದೂರದಲ್ಲಿ ಬೀಳುತ್ತದೆ. ದಕ್ಷಿಣ ಅಮೆರಿಕದ ಕಾಡುಮೆಣಸಿನ ಗಿಡ ಇಲಿಯನ್ನು ಓಡಿಸಿ ಹಕ್ಕಿಯನ್ನು ಕರೆಯುವ ಉಪಾಯ ಮಾಡಿಕೊಂಡದ್ದು ಹೀಗೆ. ಆ ಗಿಡವನ್ನು ಪೋರ್ಚುಗೀಸರು ನಮ್ಮ ನಾಡಿಗೆ ತಂದರು, ನಾವು ಅದನ್ನು ಮಂಡಕ್ಕಿಯ ಜತೆ ಮಿರ್ಚಿ ಮಾಡಿಕೊಂಡೆವು. ಪುಟ್ಟಿ ಗಿಳಿಯ ಒಳ್ಳೆಯ ಫೋಟೋ ತೆಗೆದಳು. ಹಿಂದೆ ಕೆಂಪು, ಮುಂದೆ ಹಸಿರು. ನನಗಿಂತ ಚೆನ್ನಾಗಿ ಬಂತು ಎಂದು ಒಪ್ಪಿಕೊಳ್ಳಬೇಕು.

ಆಮೇಲೆ ಅವಳು ಕ್ಯಾಮೆರಾ ಮುಚ್ಚಿ ಕೇಳಿದಳು. “ಈಗ ಹೇಳು ಅಜ್ಜ. ಬ್ಯಾಡಗಿಗೆ ಬಂದಿದೀವಲ್ಲ.”

ಆ ಜಾಗಕ್ಕೆ ನಡೆದುಕೊಂಡು ಹೋದೆವು. ಆಗ ಅದು ಬೆಣಚುಕಲ್ಲಿನ ಪಡಾ ಬಿದ್ದ ನೆಲ, ಅಲ್ಲಲ್ಲಿ ಜಾಲಿ, ಕಾರೆಕಂಟಿ. ಈಗ ಅಲ್ಲಿ ಮೆಣಸಿನಕಾಯಿ ಚೀಲಗಳನ್ನು ತಂಪಾಗಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜು. ಅದರ ಗೋಡೆಯ ನೆರಳಿನಲ್ಲಿ ನಿಂತು ಹೇಳಿದೆ.

ಟಿಟ್ಟಿಭ ಗೂಡು ಕಟ್ಟುವ ಹಕ್ಕಿಯಲ್ಲ. ನೆಲದಲ್ಲಿ ಒಂದು ತಗ್ಗು ಕೆರೆದು, ಸುತ್ತ ಹರಳು ಇಟ್ಟು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಕಲ್ಲಿನ ಬಣ್ಣವೇ. ನಾಲ್ಕು ವಾರ ಗಂಡು-ಹೆಣ್ಣು ಸರದಿಯಲ್ಲಿ ಕಾಯುತ್ತವೆ. ಬೇಸಗೆಯಲ್ಲಿ ಅವುಗಳ ದೊಡ್ಡ ಕೆಲಸ ಮೊಟ್ಟೆಯನ್ನು ಬೆಚ್ಚಗಿಡುವುದಲ್ಲ, ತಂಪಾಗಿಡುವುದು. ಹೊಂಡಕ್ಕೆ ಹಾರಿ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಕೂರುತ್ತವೆ. ಮಕ್ಕಳಿಗೆ ಜ್ವರ ಬಂದರೆ ಅಮ್ಮ ಒದ್ದೆಬಟ್ಟೆ ಹಾಕುವಂತೆ. ಬಿಸಿಲಿಗೆ ಬಿಟ್ಟ ಮೊಟ್ಟೆ ಒಳಗೇ ಬೇಯುತ್ತದೆ.

1987ರ ಏಪ್ರಿಲ್. ಒಂದು ಭಾನುವಾರ ನನಗೆ ಆ ಮೊಟ್ಟೆಗಳು ಕಂಡವು. ಪಕ್ಕದಲ್ಲೇ ಒಂದು ಪುಟ್ಟ ಕಾರೆಕಂಟಿ, ಅದರ ನೆರಳು ಸ್ವಲ್ಪ ಹೊತ್ತು ಮೊಟ್ಟೆಗಳ ಮೇಲೆ ಬೀಳುತ್ತಿತ್ತು. ಆದರೆ ನನ್ನ ಚೌಕಟ್ಟಿನಲ್ಲಿ ಅದರ ಟೊಂಗೆ ಅಡ್ಡ ಬರುತ್ತಿತ್ತು. ಮುರಿದೆ. ಇನ್ನೊಂದು ಟೊಂಗೆ ಅಡ್ಡ ಬಂತು, ಅದನ್ನೂ ಮುರಿದೆ. ಕೊನೆಗೆ ಕಂಟಿಯನ್ನೇ ಕಿತ್ತು ದೂರ ಎಸೆದೆ. ನಂತರ ಕಂಬಳಿ ಹೊದ್ದು ಹನ್ನೆರಡು ಹೆಜ್ಜೆ ದೂರದಲ್ಲಿ ಕೂತೆ. ಹಕ್ಕಿಗಳೆರಡೂ ತಲೆಯ ಮೇಲೆ ಸುತ್ತುತ್ತ ಕೂಗಿದವು. ಒಂದು ರೆಕ್ಕೆ ಮುರಿದವರಂತೆ ನೆಲದ ಮೇಲೆ ಹೊರಳಿ ನನ್ನನ್ನು ಬೇರೆ ಕಡೆ ಕರೆಯಲು ನೋಡಿತು. ಈ ನಾಟಕ ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಜಾಣತನದಿಂದ ಅಲ್ಲಾಡದೆ ಕೂತೆ. ಒಂದು ತಾಸಿನ ಮೇಲೆ ಬಿಸಿಲು ತಡೆಯಲಾಗದೆ ಹಕ್ಕಿ ಸೋತು ಮೊಟ್ಟೆಗೆ ಮರಳಿತು. ಆರು ಫೋಟೋ ತೆಗೆದೆ. ಆ ಹೊತ್ತಿಗೆಲ್ಲ ಜಾಲಿಯ ಮೇಲೆ ಒಂದು ಕಾಗೆ ಕೂತಿತ್ತು. ನಾನು ಹಕ್ಕಿಯನ್ನು ನೋಡುತ್ತಿದ್ದೆ, ಕಾಗೆ ನನ್ನನ್ನು ನೋಡುತ್ತಿತ್ತು.

ಮರುದಿನ ಸಂಜೆ ಬ್ಯಾಂಕು ಮುಗಿಸಿ ಮತ್ತೆ ಹೋದೆ. ಹರಳುಗಳ ನಡುವೆ ಒಂದು ಒಡೆದ ಚಿಪ್ಪು ಇತ್ತು. ಉಳಿದ ಮೂರರ ಗುರುತೂ ಇರಲಿಲ್ಲ. ಹಕ್ಕಿಗಳು ಮೂರು ದಿನ ಅಲ್ಲೇ ಕೂಗಾಡಿದವು, ನಾಲ್ಕನೆಯ ದಿನ ಇರಲಿಲ್ಲ. ಆಗ ನನಗೆ 36 ವರ್ಷ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು-ಕಡಿಮೆ ಬಂದರೆ ರಾತ್ರಿ ಎಂಟಾದರೂ ಲೆಜರು ಹುಡುಕುತ್ತಿದ್ದವರು ನಾವು. ಈ ನಾಲ್ಕರ ಲೆಕ್ಕ ಕೇಳುವವರು ಯಾರೂ ಇರಲಿಲ್ಲ. ಎರಡು ತಿಂಗಳ ಮೇಲೆ ಬಹುಮಾನ ಬಂತು. ಈಗ ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಫೋಟೋ ತೆಗೆದುಕೊಳ್ಳುವುದೇ ಇಲ್ಲ. ಅಂದು ಅಂಥ ನಿಯಮ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಕಂಟಿ ಕಿತ್ತಿದ್ದು ನಿಯಮವಲ್ಲ, ನನ್ನ ಕೈ.

ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ನಂತರ, “ಕಥೇಲಿ ಸಮುದ್ರ ಮೊಟ್ಟೆ ವಾಪಸ್ ಕೊಡ್ತಲ್ಲ ಅಜ್ಜ” ಅಂದಳು.

“ಹೂಂ.”

“ನಿನಗೆ ಕೊಡೋಕೆ ಆಗಲ್ಲ ಅಲ್ವಾ?”

“ಆಗಂಗಿಲ್ಲವ್ವ.”

ಮಧ್ಯಾಹ್ನದ ಊಟ ಇಬ್ಬರಿಗೂ ಸೇರಲಿಲ್ಲ. ಸಂಜೆಯ ರೈಲಿನಲ್ಲಿ ಅವಳು ಕಿಟಕಿಯ ಪಕ್ಕ ಕೂಡಲಿಲ್ಲ, ನನ್ನ ಪಕ್ಕ ಕೂತಳು. ಅಷ್ಟೇ ಸಮಾಧಾನ.

ಮೂರನೆಯ ದಿನ ರಾಣೆಬೆನ್ನೂರು. ಹೋಗುವುದೋ ಬೇಡವೋ ಎಂದು ನಾನೇ ಅನುಮಾನಿಸುತ್ತಿದ್ದಾಗ, ಅವಳು ಬೆಳಗಿನ ಐದಕ್ಕೇ ಎದ್ದು ಟೋಪಿ ಹಾಕಿಕೊಂಡು ಕೂತಿದ್ದಳು. ಗೆಳೆಯರೊಬ್ಬರ ಜೀಪು ಸಿಕ್ಕಿತ್ತು. ಅರಣ್ಯ ಇಲಾಖೆಯ ಅನುಮತಿಯೂ ಆಗಿತ್ತು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರಿನದು, 1974ರಲ್ಲಿ ಘೋಷಣೆಯಾದದ್ದು. ಕಾಡು ಎಂದರೆ ದಟ್ಟ ಮರಗಳೆಂದು ನಿರೀಕ್ಷಿಸಿ ಬಂದವರಿಗೆ ನಿರಾಶೆಯಾಗುತ್ತದೆ. ಕುರುಚಲು, ಹುಲ್ಲು, ಕೆಂಪು ಮಣ್ಣು, ನಡುನಡುವೆ ನೀಲಗಿರಿ ತೋಪು. ಹೊಕ್ಕ ಸ್ವಲ್ಪ ಹೊತ್ತಿಗೇ ಕೃಷ್ಣಮೃಗಗಳು ಕಂಡವು. ಸುರುಳಿ ಕೊಂಬಿನ ಕಪ್ಪು ಗಂಡು ಮುಂದೆ, ಹೆಣ್ಣುಗಳು ಹಿಂದೆ. ಓಡುತ್ತ ಓಡುತ್ತ ಒಂದೊಂದಾಗಿ ಗಾಳಿಗೆ ಜಿಗಿದವು, ಯಾರೋ ಕೆಳಗಿನಿಂದ ಚೆಂಡು ಪುಟಿಸಿದ ಹಾಗೆ. ಹುಲ್ಲಿನ ಮೇಲೆ ತಗ್ಗಾಗಿ ಒಂದು ಸೆಳೆವ ತೇಲಿ ಹೋಯಿತು. ಅದು ಚಳಿಗಾಲಕ್ಕೆ ಮಧ್ಯ ಏಷ್ಯಾ ಕಡೆಯಿಂದ ಬರುವ ಗಿಡುಗದ ಜಾತಿ. ನಮ್ಮ ಹೊಲಗಳ ಮಿಡತೆ ತಿಂದು ಉಪಕಾರ ಮಾಡಿ ಹೋಗುವಂಥದು. ಎಲ್ಲೋ ಗೌಜಲಕ್ಕಿ ಕೂಗುತ್ತಿತ್ತು.

ನಾನು ಅವಳಿಗೆ ತೋರಿಸಬೇಕೆಂದಿದ್ದ ಹಕ್ಕಿ ಮಾತ್ರ ಅಲ್ಲಿ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೇ ಕರೆದೊಯ್ದಿದ್ದೆ. ಅದು ಎರೆಭೂತ. ಹೆಬ್ಬಕ ಎಂದೂ ಹೇಳುತ್ತಾರೆ. ನಿಂತರೆ ಒಂದು ಮೀಟರ್ ಎತ್ತರ, ಗಂಡು ಹಕ್ಕಿ 15 ಕಿಲೋದವರೆಗೂ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲಿ ಒಂದು. ಬಿಳಿ ಕೊರಳು, ತಲೆಗೆ ಕರಿ ಟೋಪಿ. ಸಲೀಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಬಯಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ಈಗ ಇಡೀ ದೇಶದಲ್ಲಿ ಎರೆಭೂತಗಳು 150ಕ್ಕಿಂತ ಕಡಿಮೆ, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಸುತ್ತ ಬೆರಳೆಣಿಕೆಯಷ್ಟು.

1984ರಲ್ಲಿ ನಾನು ರಾಣೆಬೆನ್ನೂರು ಶಾಖೆಯಲ್ಲಿದ್ದೆ. ಆಗ ಹಾವೇರಿ ಜಿಲ್ಲೆಯೇ ಇರಲಿಲ್ಲ, ಅದಾದದ್ದು 1997ರಲ್ಲಿ. ನಮ್ಮದು ಧಾರವಾಡ ಜಿಲ್ಲೆ. ಬ್ಯಾಂಕಿಗೆ ಬರುತ್ತಿದ್ದ ಕುರಿಗಾಹಿ ಮುದುಕರೊಬ್ಬರು “ಎರಿಭೂತ ನೋಡೀರೇನ್ರಿ? ಆಕಳ ಕರು ನಿಂತಂಗ ನಿಂತಿರತೈತಿ” ಅಂದರು. ಮುಂದಿನ ಭಾನುವಾರ ಅವರದೇ ಚಕ್ಕಡಿಯಲ್ಲಿ ಹೊರಟೆವು. ನನ್ನ ಹತ್ತಿರ ಇದ್ದದ್ದು ರಷ್ಯದ ಜೆನಿಟ್ ಕ್ಯಾಮೆರಾ, ಹುಬ್ಬಳ್ಳಿಯಲ್ಲಿ ಕೈಬದಲಾಗಿ ಕೊಂಡ 135 ಮಿಲಿಮೀಟರಿನ ಲೆನ್ಸು. ಮೂರು ತಾಸು ಅಲೆದ ಮೇಲೆ ಹುಲ್ಲಿನಾಚೆ ಬಿಳಿಯದೊಂದು ಕಂಬ ಕಂಡಿತು. ಕಂಬ ಕತ್ತು ತಿರುಗಿಸಿತು! ಎದೆ ಬಡಿದುಕೊಳ್ಳತೊಡಗಿತು. ಇನ್ನೂ ಹತ್ತಿರ ಬೇಕಲ್ಲ? ಇಳಿಯಲು ಕಾಲು ಕೆಳಗೆ ಬಿಟ್ಟೆ. ಮುದುಕರು ರಟ್ಟೆ ಹಿಡಿದರು.

“ಇಳೀಬ್ಯಾಡ್ರಿ ಸಾಹೇಬ್ರ. ಚಕ್ಕಡಿ ಅಂದ್ರ ಅದಕ್ಕ ಹೆದರಿಕಿ ಇಲ್ಲ, ಮನಷ್ಯಾ ಅಂದ್ರ ಐತಿ.”

ಕೂತಲ್ಲಿಂದಲೇ ಎರಡು ಸಲ ಒತ್ತಿದೆ. ಹಕ್ಕಿ ನಮ್ಮನ್ನು ನೋಡುತ್ತ ಗಂಭೀರವಾಗಿ ನಡೆದುಕೊಂಡು ಹೋಯಿತು, ಹಾರಲೂ ಇಲ್ಲ. ರೀಲು ತೊಳೆಸಿಕೊಂಡು ಬಂದಾಗ ಫೋಟೋದ ತುಂಬ ಹುಲ್ಲು, ಆಕಾಶ. ನಡುವೆ ಜೋಳದ ಕಾಳಿನಷ್ಟು ಬಿಳಿ ಚುಕ್ಕೆ. ನೋಡಿದವರೆಲ್ಲ ನಕ್ಕರು. ಮತ್ತೆ ಎಷ್ಟು ಭಾನುವಾರ ಹೋದರೂ ಎರೆಭೂತ ಕಾಣಲಿಲ್ಲ. ಆ ಮುದುಕರ ಮಾತನ್ನು ಮೂರೇ ವರ್ಷಕ್ಕೆ ಬ್ಯಾಡಗಿಯಲ್ಲಿ ಮರೆತೆನಲ್ಲ ಎಂಬುದೇ ನನಗೆ ಇಂದಿಗೂ ಬಗೆಹರಿಯದ್ದು.

“ಅದು ಯಾಕೆ ಹೋಯ್ತು? ಬೇಟೆ ಆಡಿದ್ರಾ?” ಪುಟ್ಟಿ ಕೇಳಿದಳು.

ಬೇಟೆಯೂ ಆಯಿತು. ಆದರೆ ಇನ್ನೊಂದು ಕಾರಣವನ್ನು ಕೇಳಿದರೆ ಶಾಲೆಯ ಮಕ್ಕಳು ನಂಬುವುದಿಲ್ಲ. ಮರ ನೆಟ್ಟದ್ದು. ಎರೆಭೂತಕ್ಕೆ ಬೇಕಾದದ್ದು ಬಯಲು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ವೈರಿ ದೂರದಿಂದಲೇ ಕಂಡರೆ ಅದು ಉಳಿಯುತ್ತದೆ. ಇಂಥ ಹುಲ್ಲುನೆಲವನ್ನು ಖಾಲಿ ಜಾಗ, ಬಂಜರು ಎಂದು ತಿಳಿದು ಇಲ್ಲಿ ಸಾಲು ಸಾಲು ನೀಲಗಿರಿ ನೆಟ್ಟರು. ನಾವೂ ಹಾಗೆಯೇ ಇದ್ದೆವು. ಪಹಣಿಯಲ್ಲಿ ‘ಖರಾಬು’ ಎಂದು ಕಂಡರೆ ಆ ನೆಲವನ್ನು ಸಾಲದ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಲ್ಲಿ ಯಾರಾದರೂ ಬದುಕಿದ್ದಾರೆ ಎಂದು ಪಹಣಿಯ ಯಾವ ಕಾಲಂ ಹೇಳುತ್ತದೆ?

ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಹೆಸರನ್ನು ಬೆಂಗಳೂರಿನವರು ಕೇಳಿರಬಹುದು. 1980ರ ದಶಕದಲ್ಲಿ ಆ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದವರು. ಪುಟ್ಟಿಯ ಶಾಲೆಯ ದಾರಿಯ ನೆರಳಿನಲ್ಲೂ ಅವರ ಪಾಲು ಇದ್ದೀತು. ಅದೇ ನೇಗಿನಹಾಳರು ರಾಣೆಬೆನ್ನೂರಿನ ಈ ಧಾಮದಲ್ಲಿ ಮರ ಬೆಳೆಸಿದ್ದರಿಂದ ಇಲ್ಲಿನ ಜೀವಿಗಳ ಮೇಲೆ ಏನು ಪರಿಣಾಮವಾಯಿತು ಎಂಬ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಲೇಖನ ಬರೆದಿದ್ದರು. ನಗರದ ಬೀದಿಗೆ ಮರ ಬೇಕೆಂದೂ ಗೊತ್ತಿದ್ದ, ಬಯಲಿಗೆ ಮರ ನೆಟ್ಟರೆ ಏನಾಗುತ್ತದೆಂದೂ ಕೇಳಿದ್ದ ಮನುಷ್ಯ. ಅವರ ಬಗ್ಗೆ ನನಗೆ ಬಹಳ ಗೌರವ.

ಜೀಪು ನಿಲ್ಲಿಸಿ, ಜತೆಗಿದ್ದ ಸಿಬ್ಬಂದಿ ತೋರಿಸಿದ ಕಾಲುದಾರಿಯಲ್ಲಿ ಸ್ವಲ್ಪ ನಡೆದೆವು. ಪುಟ್ಟಿ ಮುಂದೆ, ನಾನು ಹಿಂದೆ. ಒಂದು ಹೊಂಡದ ಹತ್ತಿರ ಬರುತ್ತಿದ್ದಂತೆ ತಲೆಯ ಮೇಲೆ ಕೂಗು ಎದ್ದಿತು. ಟಿಟ್ಟಿಭ. ಒಂದಲ್ಲ, ಎರಡು. ಸುತ್ತಿ ಸುತ್ತಿ ಕೂಗಿದವು. ಒಂದು ಮುಂದೆ ನೆಲಕ್ಕಿಳಿದು ನಾಲ್ಕು ಹೆಜ್ಜೆ ಓಡಿ ನಿಂತಿತು. ಬೆಳಗಿನ ಬಿಸಿಲು ಅದರ ಕಣ್ಣಿನ ಮುಂದಿನ ಕೆಂಪು ತೊಗಲಿನ ಮೇಲೆ ನೇರವಾಗಿ ಬಿದ್ದಿತ್ತು. ಹೇಳಿ ಮಾಡಿಸಿದ ಬೆಳಕು. ನನ್ನ ಕೈ ತಾನಾಗಿಯೇ ಕ್ಯಾಮೆರಾದ ಮೇಲೆ ಹೋಗಿತ್ತು.

ಪುಟ್ಟಿ ತಿರುಗಿ ನನ್ನ ಕೈಯನ್ನು ನೋಡಿದಳು.

“ಮೊಟ್ಟೆ ಇರಬಹುದಾ ಅಜ್ಜ?”

“ಇನ್ನೂ ಋತು ಶುರು. ಇದ್ದರೂ ಇರಬಹುದು.”

“ಹಾಗಾದ್ರೆ ಬಾ” ಎಂದು ಬಂದ ದಾರಿಯಲ್ಲೇ ಹಿಂದೆ ಹೊರಟಳು. ಎಲ್ಲಿ ಕಾಲಿಟ್ಟು ಬಂದಿದ್ದಳೋ ಅಲ್ಲಲ್ಲೇ ಕಾಲಿಡುತ್ತ. ನಾನೂ ಹೊರಟೆ. ಸುಮಾರು ನೂರು ಹೆಜ್ಜೆ ದಾಟಿದ ಮೇಲೆ ಕೂಗು ನಿಂತಿತು. ಜೀಪಿನಲ್ಲಿ ಕೂತು ಅವಳು ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಳು: ಟಿಟ್ಟಿಭ 2, ಫೋಟೋ ಇಲ್ಲ.

ಮನೆಗೆ ಬಂದು ಮಾಳಿಗೆಯ ಮೇಲಿನ ಟ್ರಂಕು ಇಳಿಸಿ, ಹಳೆಯ ಲಕೋಟೆಗಳಲ್ಲಿ ಹುಡುಕಿ, 1984ರ ಎರೆಭೂತದ ಫೋಟೋ ತೆಗೆದೆ. ಅಂಚು ಹಳದಿಯಾಗಿತ್ತು. ಪುಟ್ಟಿ ಭೂತಗನ್ನಡಿ ಹಿಡಿದು ನೋಡಿ “ಕತ್ತು ಕಾಣಿಸ್ತಿದೆ!” ಅಂದಳು. ಬೆಂಗಳೂರಿಗೆ ಒಯ್ಯಲು ಕೇಳಿದಳು, ಕೊಟ್ಟೆ. ಹೋಗುವ ಮೊದಲು ಪಡಸಾಲೆಯ ಫೋಟೋವನ್ನು ಗೋಡೆಯಿಂದ ಇಳಿಸಲು ಹೇಳಿದಳು. ಕಿತ್ತುಹಾಕಲಿಕ್ಕಲ್ಲ. ಹಿಂಬದಿಯ ರಟ್ಟಿನ ಮೇಲೆ ನನ್ನ ಕೈಯಲ್ಲೇ ಬರೆಸಿದಳು: ‘ಬ್ಯಾಡಗಿ, ಏಪ್ರಿಲ್ 1987. ಮರಿ ಆಗಲಿಲ್ಲ.’ ಮತ್ತೆ ಅದೇ ಮೊಳೆಗೆ ಹಾಕಿದೆವು. ಈಗ ಯಾರಾದರೂ ಹೊಗಳಿದರೆ ನಾನು ಒಳಗೆ ಹೋಗುವುದಿಲ್ಲ. ಚಹಾ ಹೆಂಡತಿಯೇ ತರುತ್ತಾಳೆ, ನಾನು ಫೋಟೋ ತಿರುಗಿಸಿ ತೋರಿಸುತ್ತೇನೆ.

ಹೋದ ವಾರ ಪುಟ್ಟಿ ಫೋನು ಮಾಡಿದ್ದಳು. ಎರೆಭೂತದ ಫೋಟೋವನ್ನು ತರಗತಿಗೆ ಒಯ್ದಿದ್ದಳಂತೆ. ಹಕ್ಕಿ ಎಲ್ಲಿದೆ ಎಂದು ಯಾರಿಗೂ ಹೇಳಲಾಗಲಿಲ್ಲವಂತೆ. ಮೇಡಂ ಕೂಡ ಮೊದಲು ಧೂಳು ಕೂತಿದೆ ಎಂದು ಸೆರಗಿನಿಂದ ಒರೆಸಿದರಂತೆ.